ರಾಯರ ಮೈದಾನ

ವಯಸ್ಸಾದವರಿಗೆ ಹಿಂದಿನದೆಲ್ಲವೂ ಚೆನ್ನಾಗಿ ಕಾಣುವುದೆಂದು ಕಿರಿಯರು ನಗುವುದುಂಟು. ಆ ನಗೆಯಲ್ಲಿ ನ್ಯಾಯವಿಲ್ಲದೆ ಇಲ್ಲ. ಅಂದಿನ ತುಪ್ಪಕ್ಕಿದ್ದ ಪರಿಮಳ ಇಂದಿನದಕ್ಕಿಲ್ಲ, ಅಂದು ಸುರಿದಂಥ ಮಳೆ ಇಂದು ಸುರಿಯುವುದಿಲ್ಲ ಎಂದು ಹೇಳುವವರ ಮಾತಿನಲ್ಲಿ ಅರ್ಧಭಾಗ ತಮ್ಮ ಯೌವನವನ್ನು ಕುರಿತ ಪ್ರಲಾಪವೇ ಆಗಿರುವುದು. ಬೆಂಗಳೂರಿನ ಬಸವನಗುಡಿಯಲ್ಲಿ ಮಗನ ಮನೆಯಲ್ಲಿ ಕಾಲ ಕಳೆಯುತ್ತಿರುವ ಒಬ್ಬ ವೃದ್ಧರುಂಟು. ಕೇರಿಯವರೆಲ್ಲರೂ ಅವರನ್ನು ರಾಯರೆಂದೇ ಕರೆಯುವರು. ಇಲ್ಲಿಯೂ ಅಷ್ಟು ಸಾಕು. ಅವರು ತುಪ್ಪದ ಮಾತನ್ನೆತ್ತುವುದಿಲ್ಲ. ಅವರ ಹೊಗಳಿಕೆಯೆಲ್ಲ ಕಲ್ಕತ್ತೆಯಲ್ಲಿ ಕಾಲ್ಚೆಂಡಾಟವನ್ನು ನೋಡಲು ಹೋಗುತ್ತಿದ್ದ ದಿನಗಳಿಗೆ ಮೀಸಲು. ಯಾರು ಹೇಗೆ ಆಡಿದರೆಂಬುದನ್ನು ಅವರು ಈಗ ಬಹುಮಟ್ಟಿಗೆ ಮರೆತಿರುವರು. ಹೋಗುತ್ತಿದ್ದ ಬಗೆಯನ್ನು ಮಾತ್ರ ಒಂದು ಎಳೆಯೂ ಬಿಡದಂತೆ ನೆನಪಿಟ್ಟುಕೊಂಡಿರುವರು.

ಹಾಸನದ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿದ ರಾಯರು ೧೯೬೬ ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಒಂದು ಸರ್ಕಾರಿ ಕಚೇರಿಯ ಗುಮಾಸ್ತರಾಗಿ ಆ ಮಹಾನಗರಿಗೆ ಹೋದರು. ಹಿಂದಿಯೂ ಬಾರದು, ಬಂಗಾಳಿಯೂ ಬಾರದು. ದಕ್ಷಿಣದೇಶದವರು ಹೆಚ್ಚಾಗಿ ನೆಲಸಿದ್ದ ಲೇಕ್ ಮಾರ್ಕೆಟ್ಟಿನ ಬಳಿ ಒಂದು ಮೆಸ್ಸಿನಲ್ಲಿ ಊಟ, ಅಲ್ಲಿಯೇ ಮೂವರೊಡನೆ ಒಂದು ಕೊಠಡಿಯಲ್ಲಿ ವಾಸ. ಸಂಜೆಯಾದರೆ ಊರಿನ ನೆನಪು ಬಂದು ಗಂಟಲು ಕಟ್ಟುತ್ತಿದ್ದಿತು. ಚೆಂಡನ್ನು ಕಾಲಿನಿಂದ ಒದೆಯುವುದು ಮನೆತನಸ್ಥರ ಮಕ್ಕಳಿಗೆ ಸಲ್ಲದೆಂದು ನಂಬಿದ್ದ ಮನೆಯಿಂದ ಹೋದವರು. ಕಾಲ್ಚೆಂಡಿನ ಗಂಧವೂ ಅವರಿಗಿರಲಿಲ್ಲ.

ಕಚೇರಿಗೆ ಹೋದ ಮೊದಲನೆಯ ವಾರದಲ್ಲಿಯೇ ಪಕ್ಕದ ಮೇಜಿನ ಗುಮಾಸ್ತನು, “ನಿಮ್ಮದು ಯಾವ ಊರು, ದಾದಾ?” ಎಂದು ಕೇಳಿದನು. ಹಳ್ಳಿಯ ಹೆಸರು ಹೇಳಿ ಫಲವೇನೆಂದು ರಾಯರು “ಬೆಂಗಳೂರು” ಎಂದರು. ಆತನು ಕುಳಿತಲ್ಲಿಂದ ಎದ್ದು ನಿಂತು, “ಅಹಮದ್ ಖಾನನ ಊರಿನವರೇ!” ಎಂದು ಕೈ ಹಿಡಿದುಕೊಂಡನು. ಅಹಮದ್ ಖಾನನು ಯಾರೆಂಬುದು ರಾಯರಿಗೆ ಆವರೆಗೆ ಗೊತ್ತಿರಲಿಲ್ಲ. ತಿಳಿದವನಂತೆ ತಲೆಯಾಡಿಸಿದರು. ಆ ಒಂದು ತಲೆಯಾಡಿಕೆಯಿಂದ ಅವರು ಹದಿನೇಳು ವರ್ಷಗಳ ಕಾಲ ಈಸ್ಟ್ ಬೆಂಗಾಲ್ ಸಂಘದ ಭಕ್ತರಾದರು.

ಇಲ್ಲಿ ಎರಡು ಮಾತು ಹೇಳದಿದ್ದರೆ ವಾಚಕರಿಗೆ ಆ ಗುಮಾಸ್ತನ ಸಂಭ್ರಮದ ಕಾರಣ ತಿಳಿಯಲಾರದು. ೧೯೪೮ ರಲ್ಲಿ ಲಂಡನ್ನಿನ ಒಲಿಂಪಿಕ್ ಕ್ರೀಡೆಗಳಿಗೆ ಹೋದ ಭಾರತದ ತಂಡದಲ್ಲಿ ಮೈಸೂರು ಸೀಮೆಯ ಆಟಗಾರರು ಹಲವರಿದ್ದರು. ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು. ಫ್ರಾನ್ಸಿನ ಎದುರು ೨-೧ ರಿಂದ ಸೋತರೂ ಆ ಒಂದು ಗೋಲನ್ನು ಹೊಡೆದವನು ಸಾರಂಗಪಾಣಿ ರಾಮನ್. ಆ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನನು ಮುಂದೆ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದನು. ಅಲ್ಲಿ ಆತನೂ ವೆಂಕಟೇಶ, ಅಪ್ಪಾರಾವ್, ಧನರಾಜ್, ಸಾಲೇ ಎಂಬ ಇತರ ನಾಲ್ವರೂ ಕೂಡಿ ಮುಂದಿನ ಸಾಲಿನಲ್ಲಿ ಆಡಿದ ಆಟವನ್ನು ಕಂಡ ಜನರು ಅವರಿಗೆ ‘ಪಂಚಪಾಂಡವರು’ ಎಂದು ಹೆಸರಿಟ್ಟರು. ೧೯೪೯ ರಿಂದ ಮೂರು ವರ್ಷ ಒಂದೇ ಸಮನೆ ಐ.ಎಫ್.ಎ. ಶೀಲ್ಡ್ ಆ ಸಂಘಕ್ಕೆ ದೊರೆಯಿತು. ಐವರೂ ದಕ್ಷಿಣದವರು, ಒಬ್ಬನಿಗೂ ಬಂಗಾಳಿ ತಾಯ್ನುಡಿಯಲ್ಲ. ಪಾಂಡವರಲ್ಲಿ ಒಬ್ಬನು ಅಹಮದನೂ ಇನ್ನೊಬ್ಬನು ಸಾಲೇಯೂ ಆದರೆಂದು ವ್ಯಾಸರು ಕೇಳಿದ್ದರೆ ಅಸಮಾಧಾನ ಪಡುತ್ತಿದ್ದರೆಂದು ತೋರುವುದಿಲ್ಲ. ರಾಯರು ಹೋಗುವ ವೇಳೆಗೆ ಅಹಮದ್ ಖಾನನು ಆಟದಿಂದ ನಿವೃತ್ತನಾಗಿದ್ದನು. ಆದರೂ ಆತನ ಊರಿನವರೆಂಬ ಒಂದೇ ಕಾರಣದಿಂದ ರಾಯರಿಗೆ ಯಾವ ಹಲಗೆಯ ಮೇಲಾದರೂ ಒಂದು ಗೇಣು ಸ್ಥಳ ದೊರೆಯುತ್ತಿದ್ದಿತು.

ಹಲಗೆ ಎಂದುದಕ್ಕೆ ಅರ್ಥವುಂಟು. ಕಲ್ಕತ್ತೆಯ ಮೈದಾನವೆಂಬುದು ಫೋರ್ಟ್ ವಿಲಿಯಂ ಕೋಟೆಯ ಸುತ್ತಲಿನ ವಿಶಾಲವಾದ ಬಯಲು. ಅದು ಸೈನ್ಯದ ವಶದಲ್ಲಿರುವುದರಿಂದ ಅಲ್ಲಿ ಯಾರೂ ಸ್ಥಿರವಾದ ಕಟ್ಟಡವನ್ನು ಕಟ್ಟುವಂತಿಲ್ಲ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮಹಮ್ಮದನ್ ಸ್ಪೋರ್ಟಿಂಗ್ ಎಂಬ ಹೆಸರಾಂತ ಸಂಘಗಳ ಕಚೇರಿಗೂ ಅಲ್ಲಿ ‘ಡೇರೆ’ ಎಂದೇ ಹೆಸರು. ಪ್ರೇಕ್ಷಕರಿಗೆ ಮರದ ಹಲಗೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಗ್ಯಾಲರಿಗಳು. ಕಟ್ಟಡವಿಲ್ಲವೆಂಬ ಈ ಕೊರತೆಯೇ ಆ ಸ್ಥಳದ ಭಾಗ್ಯವಾಗಿದ್ದಿತೆಂದು ರಾಯರ ಮತ. ಕೆಳಗಿನ ಹಲಗೆಯಲ್ಲಿ ಕುಳಿತವನಿಗೆ ಆಟಗಾರನು ಏದುಸಿರು ಬಿಡುವುದು ಕೇಳುತ್ತಿದ್ದಿತು; ಅಂಚಿನಲ್ಲಿ ಯಾರಾದರೂ ಜಾರಿ ಬಿದ್ದರೆ ಕೆಸರು ಬಂದು ಅಂಗಿಗೆ ಸಿಡಿಯುತ್ತಿದ್ದಿತು. ಆ ಅಂಗಿಯನ್ನು ತೊಳೆಯುವ ಅಗಸನು, ಕೆಸರಿನ ಗುರುತನ್ನು ನೋಡಿ, “ಇಂದು ಗೆದ್ದಿರೋ ಸೋತಿರೋ?” ಎಂದು ಕೇಳುವನಂತೆ.

ಲೀಗಿನ ಆಟಗಳು ನಡೆಯುತ್ತಿದ್ದುದು ಬೇಸಗೆಯ ಕೊನೆಯಿಂದ ಮಳೆಗಾಲ ಮುಗಿಯುವವರೆಗೆ. ವಿದ್ಯುದ್ದೀಪಗಳಿಲ್ಲವಾದುದರಿಂದ ಹಗಲಿರುವಾಗಲೇ ಆಟ ಮುಗಿಯಬೇಕು. ಎಂದರೆ ಕಚೇರಿ ಮುಗಿಯುವ ಮುನ್ನವೇ ಹೊರಡಬೇಕು. ಹೆಡ್ ಗುಮಾಸ್ತರು ಮೋಹನ್ ಬಾಗಾನಿನ ಪರಮಭಕ್ತರು. ಅವರ ತಂದೆ ೧೯೧೧ ರ ಜುಲೈ ೨೯ ರಂದು ಮೈದಾನದಲ್ಲಿದ್ದವರು. ಅಂದು ಮೋಹನ್ ಬಾಗಾನಿನ ಹನ್ನೊಂದು ಜನ, ಒಬ್ಬನ ಹೊರತು ಉಳಿದವರೆಲ್ಲ ಬರಿಗಾಲಿನವರು, ಈಸ್ಟ್ ಯಾರ್ಕ್‌ಷೈರ್ ದಂಡಿನ ಬಿಳಿಯರನ್ನು ೨-೧ ರಿಂದ ಸೋಲಿಸಿ ಶೀಲ್ಡನ್ನು ಗೆದ್ದರು. ಬಯಲಿನಲ್ಲಿ ಸೇರಿದ್ದ ಸಾವಿರಾರು ಜನರಲ್ಲಿ ಹೆಚ್ಚಿನವರಿಗೆ ಆಟವೇ ಕಾಣಿಸುತ್ತಿರಲಿಲ್ಲ. ಯಾರು ಎಷ್ಟು ಗೋಲು ಹೊಡೆದರೆಂಬುದನ್ನು ಗಾಳಿಪಟದ ಮೇಲೆ ಬರೆದು ಹಾರಿಸಿ ಅವರಿಗೆ ತಿಳಿಸಿದರಂತೆ. ಮೊದಲು ಬಿಳಿಯರದು ಒಂದು ಗೋಲು; ಆಮೇಲೆ ಶಿವದಾಸ ಭಾದುಡಿ ಒಂದು, ಅಭಿಲಾಷ ಘೋಷ್ ಒಂದು. ಈ ಕಥೆಯನ್ನು ಹೆಡ್ ಗುಮಾಸ್ತರು ವರ್ಷಕ್ಕೆ ಹತ್ತು ಸಲವಾದರೂ ಹೇಳುವರು. ಅದನ್ನು ಬೇಸರವಿಲ್ಲದೆ ಪೂರ್ತಿಯಾಗಿ ಕೇಳಿದವನಿಗೆ ಎರಡು ಗಂಟೆ ಮೊದಲೇ ಹೊರಡಲು ಅಪ್ಪಣೆ ದೊರೆಯುತ್ತಿದ್ದಿತು. ಎದುರುಪಕ್ಷದ ರಾಯರು ಅದನ್ನು ಹದಿನೇಳು ವರ್ಷ ಕೇಳಿದರು. ವಿದ್ಯಾರ್ಥಿದೆಸೆಯಲ್ಲಿ ಅಮರಕೋಶವನ್ನು ಕೂಡ ಅಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲವೆಂದು ಅವರೇ ಹೇಳಿಕೊಳ್ಳುವರು.

ಡಾಲ್‌ಹೌಸಿ ಚೌಕದಿಂದ ಮೈದಾನಕ್ಕೆ ನಡಿಗೆಯ ದಾರಿ. ಆ ದಾರಿಯನ್ನು ವರ್ಣಿಸುವಾಗ ರಾಯರ ಮುಖದಲ್ಲಿ ಬೇರೊಂದು ಬೆಳಕು ಬರುವುದು. ಒಂದೊಂದು ಕಚೇರಿಯ ಬಾಗಿಲಿನಿಂದಲೂ ಇಬ್ಬರು ಮೂವರು ಕಂಕುಳಲ್ಲಿ ಛತ್ರಿಯಿಟ್ಟುಕೊಂಡು, ಯಾವುದೋ ತುರ್ತು ಕೆಲಸಕ್ಕೆ ಹೋಗುವವರಂತೆ ಮುಖ ಗಂಭೀರ ಮಾಡಿಕೊಂಡು ಹೊರಬೀಳುವರು. ರಾಜಭವನದ ಗೋಡೆಯನ್ನು ದಾಟುವ ವೇಳೆಗೆ ಆ ಗಾಂಭೀರ್ಯ ಕರಗಿ, ಅಪರಿಚಿತರು ಅಪರಿಚಿತರೊಡನೆ ಮಾತಿಗೆ ತೊಡಗುವರು. ಕಾಳೀಘಾಟದ ಕಡೆಯಿಂದ ಬರುವ ಟ್ರಾಮುಗಳಿಗೆ ಜೇನುಗೂಡಿಗೆ ಹುಳುಗಳು ಮುತ್ತಿದಂತೆ ಜನ. ಟಿಕೆಟಿಗೆ ಬೆಳಗಿನಿಂದಲೇ ಸಾಲು. ಸಾಲನ್ನು ನೇರ ಮಾಡಲು ಕುದುರೆಯ ಮೇಲಿನ ಪೋಲೀಸರು. ರೂಪಾಯಿಯೊಳಗೆ ಟಿಕೆಟು ಬರುತ್ತಿದ್ದಿತು. ಅದೂ ಇಲ್ಲದವರಿಗೆ ಕೋಟೆಯ ದಿಬ್ಬವಿದ್ದಿತು. ಅದರ ಮೇಲೆ ನಿಂತು ಕಂಡಷ್ಟನ್ನು ಕಂಡು, ಕಾಣದುದನ್ನು ಒಳಗಿನವರ ಕೂಗಿನಿಂದ ಊಹಿಸಿಕೊಳ್ಳುವರು. ಅದಕ್ಕೂ ಹಿಂದಿನ ಕಾಲದಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಎರಡು ಕನ್ನಡಿಗಳನ್ನು ಓರೆಯಾಗಿ ಕೂಡಿಸಿ, ಮುಂದಿನವರ ತಲೆಯ ಮೇಲಿಂದ ನೋಡುವ ಉಪಕರಣವನ್ನು ಬಾಡಿಗೆಗೆ ಕೊಡುತ್ತಿದ್ದರಂತೆ. ರಾಯರು ಅಂಥದೊಂದನ್ನು ಮೊಮ್ಮಗನಿಗೆ ಹಲ್ಲಿನ ಪುಡಿಯ ಡಬ್ಬಿಯಿಂದ ಮಾಡಿಕೊಟ್ಟಿದ್ದರು. ಅದರಿಂದ ಆ ಬಾಲಕನು ಕಂಡುದು ಎದುರುಮನೆಯವರ ಅಡುಗೆಮನೆಯನ್ನು. ಅದರ ಫಲವಾಗಿ ರಾಯರಿಗೆ ಸೊಸೆಯಿಂದ ನಾಲ್ಕು ಮಾತು ಕೇಳಬೇಕಾಯಿತು.

ಹಲಗೆಯ ಮೇಲೆ ಕುಳಿತ ಮೇಲೆ ಕುಲಗೋತ್ರಗಳ ವಿಚಾರವಿಲ್ಲ. ಮಳೆ ಬಂದರೆ ಒಂದು ಛತ್ರಿಯ ಕೆಳಗೆ ನಾಲ್ಕು ತಲೆ. ಹಿಂದಿನವರು ಗದರಿಸಿದರೆ ಛತ್ರಿಯನ್ನು ಮಡಚಿ ನಾಲ್ವರೂ ನೆನೆಯುವರು. ಕಡಲೆಕಾಯಿಯ ಪೊಟ್ಟಣ ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ ಬರಿದಾಗಿ ಬರುವುದು. ಮಣ್ಣಿನ ಕುಡಿಕೆಯಲ್ಲಿ ಚಹಾ. ರಾಯರ ಬಳಿ ಪ್ರತಿಸಲವೂ ಕೂಡುತ್ತಿದ್ದವರು ಬರಿಸಾಲ್ ಜಿಲ್ಲೆಯಿಂದ ದೇಶವಿಭಾಗದ ಕಾಲದಲ್ಲಿ ಬಂದ ಒಬ್ಬ ಮುದುಕರು. ಈಸ್ಟ್ ಬೆಂಗಾಲ್ ಸಂಘವು ಹುಟ್ಟಿದುದು ೧೯೨೦ ರಲ್ಲಿ; ಆದರೆ ೧೯೪೭ ರ ಅನಂತರ ಮನೆ ಮಠ ಬಿಟ್ಟು ಬಂದ ಲಕ್ಷಾಂತರ ಜನರಿಗೆ, ಹೆಸರಿನಲ್ಲಿಯೇ ತಮ್ಮ ಪೂರ್ವಬಂಗಾಳವನ್ನು ಇಟ್ಟುಕೊಂಡಿದ್ದ ಆ ಸಂಘವು ಕೇವಲ ಆಟದ ತಂಡವಾಗಿ ಉಳಿಯಲಿಲ್ಲ. ಮುದುಕರಿಗೆ ಊರಿನಲ್ಲಿ ಕೊಳವಿದ್ದಿತು, ಅಡಕೆಯ ಮರಗಳಿದ್ದವು. ಅವುಗಳನ್ನು ಕುರಿತು ಅವರು ಆಡುತ್ತಿರಲಿಲ್ಲ. ಗೋಲು ಬಿದ್ದಾಗ ಮಾತ್ರ ರಾಯರ ಭುಜವನ್ನು ಹಿಡಿದುಕೊಂಡು ಅಳುತ್ತಿದ್ದರು. ಊರು ಬಿಟ್ಟು ಬಂದಿದ್ದ ರಾಯರಿಗೂ ಅಲ್ಲಿ ಅತ್ತರೆ ಯಾರೂ ಕಾರಣ ಕೇಳುವುದಿಲ್ಲವೆಂಬುದು ಬಹುಬೇಗ ತಿಳಿಯಿತು.

ಈಸ್ಟ್ ಬೆಂಗಾಲಿನವರು ಗೆದ್ದ ದಿನ ಪೇಟೆಯಲ್ಲಿ ಇಲಿಶ್ ಮೀನಿನ ಬೆಲೆ ಏರುವುದೆಂದೂ, ಮೋಹನ್ ಬಾಗಾನಿನವರು ಗೆದ್ದ ದಿನ ಸೀಗಡಿಯ ಬೆಲೆ ಏರುವುದೆಂದೂ ಆ ಊರಿನ ನಂಬಿಕೆ. ಜೀವಮಾನದಲ್ಲಿ ಮೀನು ಮುಟ್ಟದ ರಾಯರು ಎರಡರ ಧಾರಣೆಯನ್ನೂ ವರ್ಷವರ್ಷವಾಗಿ ಹೇಳಬಲ್ಲರು. ೧೯೭೦ ರಿಂದ ೧೯೭೫ ರವರೆಗೆ ಆರು ವರ್ಷ ಲೀಗಿನ ಪ್ರಶಸ್ತಿ ಈಸ್ಟ್ ಬೆಂಗಾಲಿನದೇ. ಇಲಿಶ್ ತುಟ್ಟಿಯಾದ ಕಾಲ. ೧೯೭೭ ರಲ್ಲಿ ಪೆಲೆ ಬಂದು ಈಡನ್ ಗಾರ್ಡನ್ಸಿನಲ್ಲಿ ಆಡಿದುದನ್ನು ರಾಯರು ಕಂಡಿರುವರು. ಎಲ್ಲರೂ ಅದನ್ನೇ ಕೇಳುವರು, ರಾಯರು ಅದನ್ನು ಎರಡು ವಾಕ್ಯದಲ್ಲಿ ಮುಗಿಸುವರು. ದೂರ ಬಹಳವಿದ್ದಿತಂತೆ.

೧೯೭೫ ರ ಸೆಪ್ಟೆಂಬರ್ ೩೦ ರಂದು ಶೀಲ್ಡಿನ ಕೊನೆಯ ಆಟದಲ್ಲಿ ಮೋಹನ್ ಬಾಗಾನು ೫-೦ ಯಿಂದ ಸೋತಿತು. ಸಂಘದ ಚಿಹ್ನೆ ಪಂಜು. ಆದುದರಿಂದ ಗ್ಯಾಲರಿಯ ತುಂಬ ವೃತ್ತಪತ್ರಿಕೆಗಳನ್ನು ಸುರುಳಿ ಸುತ್ತಿ ಹೊತ್ತಿಸಿ ಹಿಡಿದರು. ಆ ರಾತ್ರಿ ಸೋತ ಪಕ್ಷದ ಭಕ್ತನೊಬ್ಬನು ಪ್ರಾಣ ಕಳೆದುಕೊಂಡನೆಂಬ ಸುದ್ದಿ ಮರುದಿನ ಬಂದಿತು. ಮುಂದಿನ ಜನ್ಮದಲ್ಲಿ ಒಳ್ಳೆಯ ಆಟಗಾರನಾಗಿ ಹುಟ್ಟಿ ಇದರ ಸೇಡು ತೀರಿಸುವೆನೆಂದು ಬರೆದಿಟ್ಟಿದ್ದನಂತೆ. ರಾಯರು ಪಂಜಿನ ಮಾತನ್ನು ಹೇಳುವಾಗಲೆಲ್ಲ ಇದನ್ನೂ ಹೇಳುವರು, ಬಿಡುವುದಿಲ್ಲ. ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುವರು.

ಈ ವರ್ಣನೆಗಳಲ್ಲಿ ಒಬ್ಬರಿಗೆ ಸ್ಥಳವಿರಲಿಲ್ಲ. ರಾಯರ ಧರ್ಮಪತ್ನಿ ಮದುವೆಯಾಗಿ ಕಲ್ಕತ್ತೆಗೆ ಹೋದುದು ೧೯೭೧ ರಲ್ಲಿ. ಒಂದು ದಿನವೂ ಮೈದಾನವನ್ನು ಒಳಹೊಕ್ಕು ನೋಡಲಿಲ್ಲ. ಆ ಹಲಗೆಗಳ ಮೇಲೆ ಹೆಂಗಸರು ಕಾಣುತ್ತಿದ್ದುದೇ ಅಪರೂಪ. ದೀಪ ಹಚ್ಚಿ, ಕೂಸನ್ನು ಮಲಗಿಸಿ, ಟ್ರಾಮಿನ ಸಪ್ಪಳಕ್ಕೆ ಕಿವಿಗೊಟ್ಟು ಕುಳಿತಿರುತ್ತಿದ್ದರು. ಪತಿ ಕೆಸರಾಗಿ ಬಂದರೆ ಬಿಸಿನೀರು ಕೊಟ್ಟು, “ಈ ವಯಸ್ಸಿನಲ್ಲಿ ಇದೇನು ಹುಡುಗಾಟ?” ಎನ್ನುವರು. “ಅತ್ತೆಯವರ ಕಾಲ ಚೆನ್ನಾಗಿತ್ತೆಂದು ಅವರು ಒಂದು ದಿನವೂ ಹೇಳಿದ್ದನ್ನು ಕೇಳಲಿಲ್ಲ” ಎಂದು ಸೊಸೆ ಒಮ್ಮೆ ಅಂದುದಕ್ಕೆ ರಾಯರಲ್ಲಿ ಉತ್ತರವಿರಲಿಲ್ಲ. ಆ ಮಾತು ಯಥಾರ್ಥವೇ ಸರಿ. ಒಂದು ಕಾಲವನ್ನು ಹೊಗಳುವಾಗ ಅದು ಯಾರ ಪಾಲಿನದಾಗಿದ್ದಿತೆಂದು ಕೇಳುವುದು ಅನ್ಯಾಯವೇನಲ್ಲ.

ರಾಯರ ಕಥೆಗಳೆಲ್ಲ ೧೯೮೦ ಕ್ಕೆ ಬಂದು ನಿಲ್ಲುತ್ತಿದ್ದವು. ವರ್ಗವಾಗಿ ಬೆಂಗಳೂರಿಗೆ ಬಂದುದು ೧೯೮೩ ರಲ್ಲಿ. ನಡುವಿನ ಮೂರು ವರ್ಷಗಳ ಮಾತೇ ಇಲ್ಲ. ಮರುವರ್ಷದ ಜನವರಿಯಲ್ಲಿ ಸಾಲ್ಟ್ ಲೇಕಿನ ಹೊಸ ಕ್ರೀಡಾಂಗಣ ತೆರೆಯಿತು. ಮುಂದೆ ೧೯೯೭ ರಲ್ಲಿ ಅಲ್ಲಿ ಎರಡು ಸಂಘಗಳ ಆಟಕ್ಕೆ ೧,೩೦,೦೦೦ ಕ್ಕೂ ಹೆಚ್ಚು ಜನ ಸೇರಿ, ಭೈಚುಂಗ್ ಭುಟಿಯ ಮೂರು ಗೋಲು ಹೊಡೆದು ಈಸ್ಟ್ ಬೆಂಗಾಲು ೪-೧ ರಿಂದ ಗೆದ್ದಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ರಾಯರು, “ಅಷ್ಟು ಜನ ಹೇಗೆ ಹೊರಗೆ ಬಂದರೋ!” ಎಂದರಂತೆ. ಗೆಲವಿನ ಮಾತನ್ನೇ ಎತ್ತಲಿಲ್ಲ.

ಕೆಲವು ವರ್ಷಗಳ ಹಿಂದೆ ಈಸ್ಟ್ ಬೆಂಗಾಲಿನವರು ಬೆಂಗಳೂರು ಎಫ್.ಸಿ. ತಂಡದೊಡನೆ ಆಡಲು ಕಂಠೀರವ ಕ್ರೀಡಾಂಗಣಕ್ಕೆ ಬಂದಾಗ ಮೊಮ್ಮಗನು ತಾತನನ್ನು ಬಲವಂತದಿಂದ ಕರೆದುಕೊಂಡು ಹೋದನು. ಅಂಕಿ ಬರೆದ ಕುರ್ಚಿ, ಮೊಬೈಲಿನಲ್ಲಿಯೇ ಟಿಕೆಟು, ನೀರಿನ ಸೀಸೆಯನ್ನು ಬಾಗಿಲಿನಲ್ಲಿ ಕಿತ್ತುಕೊಂಡರು. ಪ್ರೇಕ್ಷಕರಿಗೂ ಆಟದ ಹುಲ್ಲಿಗೂ ನಡುವೆ ಓಟದ ಪಥ ಅಡ್ಡ. ಪಶ್ಚಿಮದ ಕಡೆ ಯುವಕರು ನೀಲಿ ಬಟ್ಟೆ ತೊಟ್ಟು, ಮದ್ದಳೆಯಂಥ ವಾದ್ಯವನ್ನು ಬಾರಿಸುತ್ತ ಆಟದುದ್ದಕ್ಕೂ ಹಾಡಿದರು. ತಾಯಂದಿರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅದನ್ನು ರಾಯರು ಎರಡು ಮೂರು ಸಲ ತಿರುಗಿ ನೋಡಿದರು. “ಹೇಗಿತ್ತು ತಾತ?” ಎಂದುದಕ್ಕೆ, “ಚೆನ್ನಾಗಿತ್ತಪ್ಪ. ಪಕ್ಕದಲ್ಲಿ ಕುಳಿತವನು ಯಾರೆಂದೇ ತಿಳಿಯಲಿಲ್ಲ” ಎಂದರು. ಮೊಮ್ಮಗನು ಇನ್ನೊಂದನ್ನೂ ಕಂಡಿದ್ದನು. ತಾತನು ಚೆಂಡಿನ ಕಡೆಗಿಂತ ಹೆಚ್ಚಾಗಿ ಮೆಟ್ಟಿಲುಗಳ ಕಡೆ ನೋಡುತ್ತಿದ್ದರು; ಆಟ ಮುಗಿಯಲು ಇನ್ನೂ ಹತ್ತು ನಿಮಿಷವಿರುವಾಗಲೇ ಎದ್ದು ನಿಂತರು.

೨೦೨೫ ರ ಜೂನ್ ೪ ರಂದು ಬೆಂಗಳೂರಿನ ಕ್ರಿಕೆಟ್ ತಂಡದ ಗೆಲವಿನ ಉತ್ಸವವನ್ನು ನೋಡಲು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸೇರಿದ ಜನಸಮುದ್ರದಲ್ಲಿ ನೂಕುನುಗ್ಗಲಾಗಿ ೧೧ ಜನರು ಮೃತಪಟ್ಟುದನ್ನು ವಾಚಕರು ಮರೆತಿರಲಾರರು. ರಾಯರ ಮೊಮ್ಮಗನು ಕಾಲೇಜಿನಿಂದ ನೇರವಾಗಿ ಅಲ್ಲಿಗೆ ಹೋಗಿದ್ದನು. ಆಟ ಬೇರೆಯಾದರೇನು, ಹೋಗುವ ಹಂಬಲ ಅದೇ; ಅದು ಆತನಿಗೆ ಬಂದುದು ತಾತನ ಕಥೆಗಳಿಂದಲೇ. ಸಂಜೆ ದೂರದರ್ಶನದಲ್ಲಿ ಸುದ್ದಿ ಬರಲಾರಂಭಿಸಿದ ಮೇಲೆ ಆತನ ಫೋನಿಗೆ ಸಂಪರ್ಕ ಸಿಕ್ಕಲಿಲ್ಲ. ತಾಯಿ ದೇವರ ಮುಂದೆ ಕುಳಿತರು. ತಂದೆ ಸ್ಕೂಟರ್ ಹತ್ತಿ ಹೊರಟರು. ರಾಯರು ಬಾಗಿಲಿನ ಬಳಿ ಕುರ್ಚಿ ಹಾಕಿಸಿಕೊಂಡು ಬೀದಿಯನ್ನು ನೋಡುತ್ತ ಕುಳಿತರು. ಯಾರು ಏನು ಕೇಳಿದರೂ ಉತ್ತರ ಕೊಡಲಿಲ್ಲ. ರಾತ್ರಿ ಒಂಬತ್ತರ ಮೇಲೆ ಹುಡುಗನು ಬಂದನು. ಮೈಗೆ ಏನೂ ಆಗಿರಲಿಲ್ಲ. ಒಂದು ಕಾಲಿನಲ್ಲಿ ಮಾತ್ರ ಪಾದರಕ್ಷೆಯಿದ್ದಿತು.

ತಾಯಿ ಅಳುತ್ತ ಬೈದರು, ಬೈಯುತ್ತ ಅತ್ತರು. ರಾಯರು ಆ ಬರಿಗಾಲನ್ನೇ ನೋಡುತ್ತಿದ್ದು, ಒಳಗೆ ಹೋಗಿ ಚೆಂಬಿನಲ್ಲಿ ನೀರು ತಂದು ತಾವೇ ಹೊಯ್ದರು. “ಬೇಡಿ ತಾತ, ನೀವೇಕೆ!” ಎಂದು ಆತನು ಹಿಂದೆಗೆದರೂ ಬಿಡಲಿಲ್ಲ. ಊಟವಾದ ಬಳಿಕ ಮೊಮ್ಮಗನೊಬ್ಬನನ್ನೇ ಕೂರಿಸಿಕೊಂಡು, ನಲವತ್ತೈದು ವರ್ಷ ಹೇಳದಿದ್ದುದನ್ನು ಹೇಳಿದರು.

೧೯೮೦ ರ ಆಗಸ್ಟ್ ೧೬. ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಲೀಗ್ ಆಟ. ಮೈದಾನದ ಹಲಗೆಗಳು ಸಾಲದೆಂದು ಅಂಥ ಆಟಗಳನ್ನು ಈಡನ್ ಗಾರ್ಡನ್ಸಿನಲ್ಲಿ ನಡೆಸುತ್ತಿದ್ದ ಕಾಲ. ಎರಡು ಪಕ್ಷದವರೂ ಒಂದೇ ಗ್ಯಾಲರಿಯಲ್ಲಿ ಬೆರೆತು ಕುಳಿತಿದ್ದರು. ರಾಯರ ಜೊತೆಗೆ ಕಚೇರಿಯ ಜವಾನನ ಮಗ, ಹದಿನೇಳು ವರ್ಷದ ಹುಡುಗ. ಅವನಿಗೆ ಆಟದ ಹುಚ್ಚು ಹಿಡಿಸಿದವರು ರಾಯರೇ. ಆಟಗಾರರಿಬ್ಬರಿಗೆ ಜಗಳವಾಗಿ ಇಬ್ಬರನ್ನೂ ಹೊರಗೆ ಕಳುಹಿಸಿದ ಮೇಲೆ ಗ್ಯಾಲರಿಯಲ್ಲಿ ಹೊಡೆದಾಟ ಹತ್ತಿತು. ಕಲ್ಲು ಬಿದ್ದವು. ಮೇಲಿನವರು ಕೆಳಕ್ಕೆ ನುಗ್ಗಿದರು. ಕುರಿಗಳ ಹಿಂಡು ಮುಂದಿನದು ಹೋದತ್ತ ಹಿಂದಿನದು ನುಗ್ಗುವುದನ್ನು ಶಾಸ್ತ್ರಕಾರರು ಗಡ್ಡಲಿಕಾಪ್ರವಾಹವೆಂದಿರುವರು. ಆದರೆ ಆ ಪ್ರವಾಹದ ನಡುವೆ ಸಿಕ್ಕಿದವನು ಕುರಿಯಂತೆ ಯೋಚನೆಯಿಲ್ಲದವನಾಗಿರುವನೆಂಬುದು ಸುಳ್ಳೆಂದು ರಾಯರು ಹೇಳಿದರು. ಎಲ್ಲವೂ ತಿಳಿಯುತ್ತಿದ್ದಿತಂತೆ. ನಿಲ್ಲಬೇಕೆಂದು ತಿಳಿಯುವುದು, ನಿಲ್ಲಲಾಗದು. ಹುಡುಗನ ಕೈ ತಮ್ಮ ಕೈಯಿಂದ ಜಾರುತ್ತಿದೆಯೆಂದು ತಿಳಿಯುವುದು, ಹಿಡಿಯಲಾಗದು. ಮೆಟ್ಟಿಲಿನ ಮೇಲೆ ಅವರ ಪಾದ ನೆಲಕ್ಕೆ ತಾಗದೆ ಯಾವುದೋ ಮೆತ್ತನೆಯ ವಸ್ತುವಿನ ಮೇಲೆ ಬಿದ್ದಿತು. ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಅವರು ಕೆಳಗೆ ನೋಡಲಿಲ್ಲ.

“ಯಾರದೋ ಚೀಲವಿರಬಹುದು. ಬಟ್ಟೆಯ ಗಂಟಿರಬಹುದು” ಎಂದರು ರಾಯರು. ಸ್ವಲ್ಪ ತಡೆದು, “ಚೀಲವೇ ಇರಬೇಕು” ಎಂದರು. ಮೊಮ್ಮಗನು ಏನೂ ಹೇಳಲಿಲ್ಲ. ಆತನೂ ಆ ಸಂಜೆ ತನ್ನ ಕಾಲ ಕೆಳಗೆ ಏನಿದ್ದಿತೆಂದು ನೋಡಿರಲಿಲ್ಲ.

ಹುಡುಗನು ಒಂದು ಗಂಟೆಯ ಮೇಲೆ ಟ್ರಾಮಿನ ಕಂಬಿಗಳ ಬಳಿ ಸಿಕ್ಕಿದನು. ಒಂದು ಚಪ್ಪಲಿ ಹೋಗಿದ್ದಿತು, ಅಷ್ಟೇ. ಅವನನ್ನು ಮನೆಗೆ ಮುಟ್ಟಿಸಿ, ಅವನ ತಾಯಿ ಕೊಟ್ಟ ಚಹಾ ಕುಡಿದು, ರಾಯರು ತಮ್ಮ ಮನೆಗೆ ನಡೆದು ಬಂದರು. ಹದಿನಾರು ಜನ ಸತ್ತರೆಂದು ತಿಳಿದುದು ಆಮೇಲೆ. ಪತ್ರಿಕೆಯಲ್ಲಿ ಹೆಸರುಗಳು ಬಂದವು. ಹೆಂಡತಿಗೆ ಕಾಣದಂತೆ ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು, ಹೆಸರುಗಳನ್ನು ಓದಲಿಲ್ಲ. ಕಲ್ಕತ್ತೆಯಲ್ಲಿ ಆ ದಿನವನ್ನು ಕಾಲ್ಚೆಂಡು ಪ್ರಿಯರ ದಿನವೆಂದು ಆಚರಿಸಿ ರಕ್ತದಾನ ಮಾಡುವ ಪದ್ಧತಿ ಬೆಳೆದು ಬಂದಿತು. ರಾಯರು ಅಲ್ಲಿದ್ದಷ್ಟು ಕಾಲವೂ, ಬೆಂಗಳೂರಿಗೆ ಬಂದ ಮೇಲೆಯೂ, ವೈದ್ಯರು ವಯಸ್ಸಾಯಿತೆಂದು ತಡೆಯುವವರೆಗೆ, ಪ್ರತಿ ಆಗಸ್ಟಿನಲ್ಲಿ ರಕ್ತ ಕೊಟ್ಟು ಬರುತ್ತಿದ್ದರು. ಅದು ಏಕೆಂದು ಮನೆಯವರಿಗೆ ಅಂದಿನವರೆಗೆ ತಿಳಿದಿರಲಿಲ್ಲ, ಪುಣ್ಯಕ್ಕಾಗಿ ಎಂದುಕೊಂಡಿದ್ದರು.

“ಆಮೇಲೆ ನೀವು ಆಟಕ್ಕೆ ಹೋಗಲೇ ಇಲ್ಲವೇ, ತಾತ?”

“ಹೋದೆ. ಒಂದು ಸಲ” ಎಂದರು ರಾಯರು.

ಮರುವರ್ಷದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಆ ಹುಡುಗನೇ ಕಚೇರಿಯ ಬಾಗಿಲಿಗೆ ಬಂದು ನಿಂತನು. ಹೊಸ ಚಪ್ಪಲಿ ಹಾಕಿಕೊಂಡಿದ್ದನು. ಬಾಯಿ ಬಿಟ್ಟು ಏನನ್ನೂ ಕೇಳಲಿಲ್ಲ. ಹೆಡ್ ಗುಮಾಸ್ತರು ಆ ದಿನ ೧೯೧೧ ರ ಕಥೆಯನ್ನು ಹೇಳದೆಯೇ ಕೈಯಾಡಿಸಿ ಅಪ್ಪಣೆ ಕೊಟ್ಟರು. ಯಾವುದೋ ಸಣ್ಣ ತಂಡದೊಡನೆ ಆಟ, ಈಸ್ಟ್ ಬೆಂಗಾಲಿನ ಸ್ವಂತ ಬಯಲು, ಸೋನೆ ಮಳೆ, ಗ್ಯಾಲರಿಯಲ್ಲಿ ಕೆಲವು ನೂರು ಜನರು ಚೆದರಿ ಕುಳಿತಿದ್ದರು. ಬರಿಸಾಲಿನ ಮುದುಕರ ಸ್ಥಳ ಬರಿದಾಗಿದ್ದಿತು. ರಾಯರು ಹೊರಬಾಗಿಲಿಗೆ ತೀರ ಹತ್ತಿರದ, ಎಲ್ಲಕ್ಕಿಂತ ಕೆಳಗಿನ ಹಲಗೆಯ ತುದಿಯಲ್ಲಿ ಕುಳಿತರು. ಹುಡುಗನು ಕಡಲೆಕಾಯಿ ತಂದನು. ಮೊದಲ ಅರ್ಧ ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ. ಎರಡನೆಯ ಅರ್ಧದಲ್ಲಿ ಚೆಂಡು ಎದುರು ಮೂಲೆಗೆ ಹೋದಾಗ, ಸರಿಯಾಗಿ ಕಾಣಿಸದೆಂದು ಹುಡುಗನು ಒಂದು ಹಲಗೆ ಮೇಲಕ್ಕೆ ಹತ್ತಿ, ತಿರುಗಿ ನೋಡಿದನು. ರಾಯರೂ ಛತ್ರಿಯನ್ನು ಊರಿಕೊಂಡು ಒಂದು ಹಲಗೆ ಮೇಲಕ್ಕೆ ಹತ್ತಿದರು.

“ಯಾರು ಗೆದ್ದರು?” ಎಂದು ಮೊಮ್ಮಗನು ಕೇಳಿದನು.

ರಾಯರಿಗೆ ಅದು ನೆನಪಿರಲಿಲ್ಲ.